ಜೇನುಕುಟುಂಬವೂ ದೂರದ ಪೇಟೆಯೂ

ವಿಶ್ವ ಅಂಚೆ ಒಕ್ಕೂಟದ ನಿಯಮಾವಳಿಯಲ್ಲಿ, ಜೀವಂತ ಪ್ರಾಣಿಗಳನ್ನು ಕಾಗದಪತ್ರಗಳ ಜೊತೆಯಲ್ಲಿ ಅಂಚೆಗೆ ಹಾಕಕೂಡದೆಂದು ವಿಧಿಸಿದ ಬೆನ್ನಲ್ಲಿಯೇ, ಕೆಲವೇ ಜೀವಿಗಳಿಗೆ ಬಾಗಿಲನ್ನು ತೆರೆದಿರಿಸುವ ಒಂದು ಸಣ್ಣ ಉಪವಿಧಿಯುಂಟು. ಅದರ ಮೊದಲ ಸಾಲಿನಲ್ಲಿರುವ ಹೆಸರುಗಳು ಮೂರು: ಜೇನುನೊಣ, ಜಿಗಣೆ, ರೇಷ್ಮೆಹುಳು. ಒಂದು ಮಧುವನ್ನು ಕೊಡತಕ್ಕದ್ದು, ಒಂದು ವೈದ್ಯನ ಕೈಯಲ್ಲಿ ಕೆಟ್ಟ ರಕ್ತವನ್ನು ಹೀರತಕ್ಕದ್ದು, ಒಂದು ಪಟ್ಟೆಯ ನೂಲನ್ನು ಸುತ್ತತಕ್ಕದ್ದು. ನಾಯಿಮರಿಯನ್ನಾಗಲಿ ಗಿಣಿಯನ್ನಾಗಲಿ ಲಕೋಟೆಯೊಡನೆ ಕಳುಹಿಸುವುದು ಅಕಾರ್ಯವೆಂದು ಬಗೆದ ಶಿಷ್ಟ ಪ್ರಪಂಚವು, ಈ ಮೂರನ್ನು ಮಾತ್ರ ಪದಾರ್ಥಕ್ಕೂ ಪ್ರಾಣಿಗೂ ನಡುವಣ ಒಂದು ವಿಚಿತ್ರವಾದ ಅಂತಸ್ತಿನಲ್ಲಿ ಕುಳ್ಳಿರಿಸಿತು. ನಮ್ಮ ದೇಶದಲ್ಲಿ ಬಹುಕಾಲ ಜಾರಿಯಲ್ಲಿದ್ದು, ಈಚೆಗೆ 2023ರ ಹೊಸ ಕಾಯಿದೆಗೆ ಎಡೆಮಾಡಿಕೊಟ್ಟ 1898ರ ಅಂಚೆ ಕಾಯಿದೆಯು ನಿಷೇಧಿಸಿದುದಾದರೂ ಎಂತಹ ಜೀವಿಯನ್ನು? ವಿಷಕಾರಿಯಾದುದನ್ನು, ಇಲ್ಲವೇ ಅಂಚೆಯ ಇತರ ವಸ್ತುಗಳಿಗೂ ಅಂಚೆಯ ನೌಕರನಿಗೂ ಹಾನಿಮಾಡಬಹುದಾದುದನ್ನು. ಶಾಸನಕಾರನ ಚಿಂತೆಯೆಲ್ಲ ಚೀಲವನ್ನು ಹೊರುವವನ ಬೆರಳಿನ ಮೇಲೆ ಇದ್ದಿತೇ ಹೊರತು, ಚೀಲದೊಳಗೆ ಉಸಿರಾಡುತ್ತಿದ್ದುದರ ಮೇಲಾಗಲಿ, ಅದು ಹೋಗಿ ಇಳಿಯುವ ಊರಿನ ಮೇಲಾಗಲಿ ಇರಲಿಲ್ಲ.

ಈ ಹಳೆಯ ವಿಧಿಗಳನ್ನು ನಾನು ನೆನೆಯುವುದಕ್ಕೆ ಕಾರಣವುಂಟು. ಅಂಚೆಯ ಕಾಯಿದೆಗಳನ್ನು ಬರೆದವರ ಸ್ಥಾನದಲ್ಲಿ ಇಂದು ಆನ್‌ಲೈನ್ ಪೇಟೆಗಳನ್ನು ನಡೆಸುವ ಸಂಸ್ಥೆಗಳು ಕುಳಿತಿವೆ. ಯಾವ ಜೀವಿಯನ್ನು ಮಾರಬಹುದು, ಯಾವುದನ್ನು ಮಾರಕೂಡದು ಎಂಬ ಪಟ್ಟಿಗಳನ್ನು, ಯಾವ ವಿಧಾನಸಭೆಯ ಚರ್ಚೆಯೂ ಇಲ್ಲದೆ, ಅವು ತಮ್ಮ ತಮ್ಮ ಕಚೇರಿಗಳಲ್ಲಿಯೇ ರಚಿಸುತ್ತಿವೆ. ಫೇಸ್‌ಬುಕ್ಕಿನ ಮಾರಾಟದ ನಿಯಮಗಳು ಪ್ರಾಣಿಗಳ ವಿಕ್ರಯವನ್ನು ಸಾರಾಸಗಟಾಗಿ ತಳ್ಳಿಹಾಕುತ್ತವೆ. ಈಬೇಯ ನಿಯಮವು ನಾಯಿ ಬೆಕ್ಕು ಮುಂತಾದ ಸಾಕುಪ್ರಾಣಿಗಳನ್ನು ನಿಷೇಧಿಸಿ, ಕೆಲವು ಮೀನುಗಳಿಗೂ ಬಸವನಹುಳುಗಳಿಗೂ, ಗಾಳಕ್ಕೋ ಬೇರೆ ಪ್ರಾಣಿಗಳ ಆಹಾರಕ್ಕೋ ಒದಗುವ ಹುಳುಹುಪ್ಪಟೆಗಳಿಗೂ ವಿನಾಯಿತಿಯನ್ನು ಕೊಡುತ್ತದೆ. ಈ ಪಟ್ಟಿಗಳನ್ನು ಓದುವವನಿಗೆ ಅವುಗಳ ಹಿಂದಿರುವ ಅಳತೆಗೋಲು ಬೇಗನೆ ತಿಳಿದುಬರುತ್ತದೆ: ಯಾವ ಪ್ರಾಣಿಗೆ ನಮ್ಮ ಕಣ್ಣನ್ನು ದಿಟ್ಟಿಸಿ ನೋಡುವ ಕಣ್ಣುಂಟೋ, ಯಾವುದರ ನರಳಾಟವು ಕಿವಿಗೆ ಕೇಳುವುದೋ, ಅದಕ್ಕೆ ರಕ್ಷಣೆ, ಯಾವುದು ಚಿಕ್ಕದೋ, ಮೂಕವೋ, ಅಸಂಖ್ಯವೋ, ಅದಕ್ಕೆ ಬೆಲೆಚೀಟಿ. ದಯೆಯ ದೃಷ್ಟಿಯಿಂದ ಈ ಅಳತೆಗೋಲು ಅರ್ಧ ಸರಿಯಾಗಿರಬಹುದು. ಅಪಾಯದ ದೃಷ್ಟಿಯಿಂದ ನೋಡಿದರೆ ಅದು ತಲೆಕೆಳಗಾಗಿದೆ. ಮಾರಿಹೋದ ನಾಯಿಮರಿಯು ಕೊಂಡವನ ಅಂಗಳದಲ್ಲಿಯೇ ಬೆಳೆಯುತ್ತದೆ. ಮಾರಿಹೋದ ಜೇನುಕುಟುಂಬವಾದರೋ ಊರಿನ ಆಕಾಶವನ್ನೆಲ್ಲ ಸೇರಿಕೊಳ್ಳುತ್ತದೆ.

ಜೇನನ್ನು ಕೊಳ್ಳುವುದೂ ಮಾರುವುದೂ ತಪ್ಪೆಂದು ನಾನು ಹೇಳಲಾರೆ. ಹೇಳಿದರೆ ಕೊಡಗಿನ, ದಕ್ಷಿಣ ಕನ್ನಡದ, ಉತ್ತರ ಕನ್ನಡದ ಎಷ್ಟೋ ಮನೆಗಳ ಸಭ್ಯವಾದ ಜೀವನೋಪಾಯವನ್ನು ನಿಂದಿಸಿದಂತಾದೀತು. ಆ ಕಡೆಗಳಲ್ಲಿ ತುಡುವೆ ಜೇನಿನ ಪೆಟ್ಟಿಗೆಯೊಂದು ಕೈಬದಲಾಯಿಸುವ ರೀತಿಯನ್ನು ಬಲ್ಲವರು, ಅದು ಬರಿಯ ವಿಕ್ರಯವಲ್ಲವೆಂಬುದನ್ನೂ ಬಲ್ಲರು. ಕೊಳ್ಳುವವನು ಹಗಲಿನಲ್ಲಿಯೇ ಬಂದು, ಮುಚ್ಚಳವನ್ನು ತೆಗೆಸಿ, ಸಂಸಾರ ಕೋಣೆಯ ಎರಿಗಳನ್ನು ಒಂದೊಂದಾಗಿ ಎತ್ತಿಸಿ ಬೆಳಕಿಗೆ ಹಿಡಿಸುವನು. ರಾಣಿಯು ಮೊಟ್ಟೆಯಿಡುತ್ತಿರುವಳೇ, ಮರಿಹುಳುಗಳು ಬೆಳ್ಳಗೆ ಸುರುಳಿಯಾಗಿ ಹೊಳೆಯುತ್ತಿವೆಯೇ, ಮುಚ್ಚಿದ ಕೋಶಗಳ ಮೇಲ್ಮೈ ಕುಸಿದಿದೆಯೇ, ತಳದ ಹಲಗೆಯಲ್ಲಿ ಮೇಣದ ಹುಳು ಬಲೆ ನೇಯ್ದಿದೆಯೇ ಎಂದು ನಿಧಾನವಾಗಿ ನೋಡುವನು. ಬೆಲೆಯ ಮಾತು ಅನಂತರ. ಹೊತ್ತು ಮುಳುಗಿ, ಮೇಯಲು ಹೋದ ನೊಣಗಳೆಲ್ಲ ಮರಳಿ ಬಂದ ಮೇಲೆ, ಪೆಟ್ಟಿಗೆಯ ಬಾಗಿಲನ್ನು ಮುಚ್ಚಿ, ಗಾಳಿಯಾಡುವಂತೆ ಸಡಿಲವಾಗಿ ಕಟ್ಟಿ, ರಾತ್ರಿಯ ತಂಪಿನಲ್ಲಿ ಅದನ್ನು ಒಯ್ಯುವುದು ವಾಡಿಕೆ. ತೀರ ಹತ್ತಿರದ ಮನೆಯಾದರೆ ನೊಣಗಳು ಹಳೆಯ ನೆಲೆಯ ನೆನಪಿನಿಂದ ಅಲ್ಲಿಗೇ ಹಿಂದಿರುಗುವುದರಿಂದ, ಅವುಗಳ ಮೇವಿನ ಎಲ್ಲೆಯನ್ನು ದಾಟಿಸಿ ಇಡಬೇಕೆಂಬುದೂ ಅನುಭವಿಗಳ ಮಾತು. ಹೊರಡುವಾಗ ಮಾರಿದವನು, "ಪಾಲು ಮಾಡುವಾಗ ನನಗೊಂದು ಮಾತು ಹೇಳಿ ಮಾರಾಯ್ರೇ, ಬಂದು ನೋಡ್ತೇನೆ" ಎಂದು ಹೇಳಿ ಕಳುಹಿಸುವನು. ಕುಟುಂಬದಲ್ಲಿ ರೋಗವಿದ್ದರೆ ಅದು ವಾರದೊಳಗೆ ಹೊರಬೀಳುತ್ತದೆ. ಸಂತೆಯಲ್ಲಿ, ಮದುವೆಯ ಮನೆಯಲ್ಲಿ, ಸಹಕಾರಿ ಸಂಘದ ಜಗಲಿಯಲ್ಲಿ ಕೊಂಡವನು ಮಾರಿದವನ ಮುಖವನ್ನು ನೋಡಿಯೇ ನೋಡುತ್ತಾನೆ.

ಈ ವ್ಯವಹಾರವನ್ನು ಕಾಯುತ್ತಿದ್ದುದು ಯಾವ ಕಾಯಿದೆಯೂ ಅಲ್ಲ. ಮಾರುವವನೂ ಕೊಳ್ಳುವವನೂ ಒಂದೇ ಕಾಡಿನ ಹೂವನ್ನು ನೆಚ್ಚಿದ್ದರು. ಒಬ್ಬನ ಪೆಟ್ಟಿಗೆಗೆ ತಗುಲಿದ ವ್ಯಾಧಿಯು ಮತ್ತೊಬ್ಬನ ಪೆಟ್ಟಿಗೆಗೆ ಹಾರಿಬರಲು ಹೆಚ್ಚು ದಿನ ಬೇಕಾಗಿರಲಿಲ್ಲ. ಆದುದರಿಂದ ಮೋಸವು ಮೋಸಗಾರನ ಮನೆಯನ್ನೇ ಮೊದಲು ಸುಡುತ್ತಿದ್ದಿತು. ಆನ್‌ಲೈನ್ ಪೇಟೆಯು ಅಳಿಸಿಹಾಕುವುದು ಈ ಸಾಮೀಪ್ಯವನ್ನು. ಅದರ ಶಕ್ತಿಯೂ ಅದೇ, ದೋಷವೂ ಅದೇ. ಚಪ್ಪಲಿಗೂ ಪುಸ್ತಕಕ್ಕೂ ದೂರವು ಅಳಿದುಹೋದರೆ ಲಾಭವಲ್ಲದೆ ನಷ್ಟವಿಲ್ಲ, ಏಕೆಂದರೆ ಚಪ್ಪಲಿಯು ಸಂತಾನವನ್ನು ಪಡೆಯುವುದಿಲ್ಲ, ಪುಸ್ತಕವು ಪಕ್ಕದ ಮನೆಯ ಪುಸ್ತಕಕ್ಕೆ ಜ್ವರವನ್ನು ಅಂಟಿಸುವುದಿಲ್ಲ. ಹೀಗಿರುವಲ್ಲಿ, ಸಣ್ಣ ಜೀವಿಗಳ ವಿಕ್ರಯವನ್ನು ಕುರಿತ ಯಾವ ನಿಯಮವೇ ಆಗಲಿ ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದುದು ಜೀವಿಯ ಗಾತ್ರವನ್ನಲ್ಲ, ಅದು ಕ್ರಮಿಸುವ ದೂರವನ್ನು, ಎಂಬುದು ನನ್ನ ವಾದ.

ದೂರವು ಏನನ್ನು ಮಾಡಬಲ್ಲುದೆಂಬುದಕ್ಕೆ ನಮ್ಮ ನಾಡೇ ಸಾಕ್ಷಿ. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು 1976ರಲ್ಲಿ ಥಾಯ್ಲೆಂಡಿನಲ್ಲಿ ಕಾಣಿಸಿಕೊಂಡಿತು, 1978ರ ವೇಳೆಗೆ ಮೇಘಾಲಯವನ್ನು ಮುಟ್ಟಿತು, 1991-92ರಲ್ಲಿ ದಕ್ಷಿಣಕ್ಕಿಳಿಯಿತು. ತುಡುವೆಯ ಮರಿಹುಳುಗಳು ಗೂಡುಕಟ್ಟುವ ಮೊದಲೇ ಸತ್ತು, ನೀರು ತುಂಬಿದ ಚಿಕ್ಕ ಚೀಲಗಳಂತೆ ಕೋಶಗಳಲ್ಲಿ ತಲೆಯೆತ್ತಿ ನಿಲ್ಲುವ ಆ ದೃಶ್ಯವನ್ನು ಕಂಡವರು ಇಂದಿಗೂ ಮರೆತಿಲ್ಲ. ಕೇರಳ, ಕೊಡಗು, ದಕ್ಷಿಣ ಕನ್ನಡಗಳಲ್ಲಿ ಸಾಕಿದ ಕುಟುಂಬಗಳಲ್ಲಿ ಬಹುಭಾಗ ನಾಶವಾಯಿತು. ತಲೆಮಾರುಗಳಿಂದ ಜೇನನ್ನೇ ನಂಬಿದ್ದ ಮನೆಗಳ ಹಿತ್ತಿಲುಗಳಲ್ಲಿ ಖಾಲಿ ಪೆಟ್ಟಿಗೆಗಳು ಮಳೆಗೆ ನೆನೆದು ಗೆದ್ದಲಿಗೆ ಆಹಾರವಾದವು. ಬರಿದಾದ ಎಡೆಯನ್ನು ತುಂಬಲೆಂದು ಪಂಜಾಬು ಹಿಮಾಚಲಗಳಲ್ಲಿ 1960ರ ದಶಕದಲ್ಲಿಯೇ ನೆಲೆಗೊಳಿಸಿದ್ದ ಯೂರೋಪಿನ ಮೆಲ್ಲಿಫೆರಾ ಜೇನನ್ನು ದಕ್ಷಿಣಕ್ಕೂ ತಂದರು. ಇಲ್ಲಿ ಗಮನಿಸತಕ್ಕ ಒಂದು ಅಂಶವುಂಟು. ಮೇಘಾಲಯದಿಂದ ಪಶ್ಚಿಮಘಟ್ಟಕ್ಕೆ ಬರಲು ಆ ರೋಗಕ್ಕೆ ಸುಮಾರು ಹದಿಮೂರು ವರ್ಷ ಹಿಡಿದವು. ಕೊರಿಯರ್ ಲಾರಿಗೆ ಅದೇ ಹಾದಿಯು ಕೆಲವೇ ದಿನಗಳ ಪಯಣ. ಆ ಹದಿಮೂರು ವರ್ಷಗಳ ಎಚ್ಚರಿಕೆಯನ್ನು ನಾವು ಆಗ ಸರಿಯಾಗಿ ಬಳಸಿಕೊಳ್ಳಲಿಲ್ಲವೆಂಬುದು ಬೇರೆಯ ಮಾತು. ಮುಂದೆ ಅಂತಹ ಅವಕಾಶವೇ ದೊರೆಯದೆ ಹೋದೀತೆಂಬುದು ನನ್ನ ಭಯ.

ವರೋವಾ ಎಂಬ ನುಸಿಯ ಕಥೆಯೂ ಇದೇ ಬಗೆಯದು. ಅದು ಮೂಲತಃ ನಮ್ಮ ಏಷ್ಯಾದ ತುಡುವೆಯ ಮೇಲೆ ಬಾಳುತ್ತಿದ್ದ ಪರೋಪಜೀವಿ. ತುಡುವೆಯು ತನ್ನ ಮೈಯನ್ನೂ ಒಡನಾಡಿಗಳ ಮೈಯನ್ನೂ ಉಜ್ಜಿ ಶುಚಿಗೊಳಿಸಿಕೊಳ್ಳುವ ಅಭ್ಯಾಸದಿಂದ ಅದರೊಡನೆ ಹೇಗೋ ಹೊಂದಿಕೊಂಡಿದ್ದಿತು. ಮನುಷ್ಯನು ಯೂರೋಪಿನ ಜೇನನ್ನು ಏಷ್ಯಾಕ್ಕೆ ತಂದು ಎರಡನ್ನೂ ಅಕ್ಕಪಕ್ಕದಲ್ಲಿಟ್ಟ ಮೇಲೆ ನುಸಿಯು ಹೊಸ ಆಶ್ರಯಕ್ಕೆ ದಾಟಿತು. ಆ ಬಡಪಾಯಿ ನೊಣಕ್ಕೆ ಈ ಶತ್ರುವನ್ನು ಎದುರಿಸುವ ವಿದ್ಯೆಯೇ ಗೊತ್ತಿರಲಿಲ್ಲ. 1987ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, 1992ರಲ್ಲಿ ಇಂಗ್ಲೆಂಡಿನಲ್ಲಿ ಅದು ಪತ್ತೆಯಾಯಿತು. ಬಹುಕಾಲ ಅದನ್ನು ಹೊರಗಿಟ್ಟಿದ್ದ ಆಸ್ಟ್ರೇಲಿಯಾದಲ್ಲಿ 2022ರ ಜೂನ್ ತಿಂಗಳಲ್ಲಿ ನ್ಯೂಕ್ಯಾಸಲ್ ಬಂದರಿನ ಬಳಿ ಕಾಣಿಸಿಕೊಂಡಾಗ, ಸರ್ಕಾರವು ಸಾವಿರಾರು ಕುಟುಂಬಗಳನ್ನು ಕೊಲ್ಲಿಸಿಯೂ ಗೆಲ್ಲಲಾರದೆ, 2023ರ ಸೆಪ್ಟೆಂಬರಿನಲ್ಲಿ ನಿರ್ಮೂಲನದ ಪ್ರಯತ್ನವನ್ನು ಕೈಬಿಟ್ಟಿತು.

ರೋಗವಿಲ್ಲದ, ಪೂರ್ಣ ಆರೋಗ್ಯವಂತ ಜೀವಿಯನ್ನೇ ಕಳುಹಿಸಿದರೆ ಆಕ್ಷೇಪವೇನು ಎಂದು ಕೇಳುವವರಿಗೆ ಚಿಲಿ ದೇಶದ ಉದಾಹರಣೆಯು ಉತ್ತರವನ್ನು ಕೊಡುತ್ತದೆ. 1980ರ ದಶಕದಲ್ಲಿ ಬೆಲ್ಜಿಯಮ್ಮಿನಲ್ಲಿಯೂ ಹಾಲೆಂಡಿನಲ್ಲಿಯೂ ಬಂಬಲ್ ದುಂಬಿಗಳನ್ನು ಪೆಟ್ಟಿಗೆಗಳಲ್ಲಿ ಬೆಳೆಸಿ, ಗಾಜಿನ ಮನೆಯ ಟೊಮೇಟೊ ಹೂಗಳ ಪರಾಗಸ್ಪರ್ಶಕ್ಕೆಂದು ಮಾರುವ ಉದ್ಯಮವು ಹುಟ್ಟಿತು. ಆ ದುಂಬಿಯು ಹೂವನ್ನು ಅಪ್ಪಿಕೊಂಡು ಮೈಯನ್ನು ಕಂಪಿಸಿ ಪರಾಗವನ್ನು ಉದುರಿಸುವ ಕೌಶಲವು ಕೃಷಿಕನಿಗೆ ನಿಜವಾಗಿಯೂ ಅಮೂಲ್ಯವಾದುದು. 1990ರ ದಶಕದಲ್ಲಿ ಅದನ್ನು ಚಿಲಿಯು ಅನುಮತಿಯಿತ್ತೇ ತರಿಸಿಕೊಂಡಿತು. ದುಂಬಿಗಳು ಗಾಜಿನ ಮನೆಯಲ್ಲಿ ನಿಲ್ಲಲಿಲ್ಲ. 2006ರ ಹೊತ್ತಿಗೆ ಆಂಡೀಸ್ ಪರ್ವತಗಳನ್ನು ದಾಟಿ ಅರ್ಜೆಂಟೀನಾದಲ್ಲಿದ್ದವು. ಅವು ಹೋದೆಡೆಗಳಲ್ಲೆಲ್ಲ ಪೆಟಗೋನಿಯಾದ ಸ್ವಂತ ದುಂಬಿ, ಬಂಗಾರದ ಬಣ್ಣದ, ಜಗತ್ತಿನ ಅತಿ ದೊಡ್ಡ ದುಂಬಿಗಳಲ್ಲಿ ಒಂದೆನಿಸಿದ ಡಾಲ್‌ಬೋಮಿ, ವಿರಳವಾಗುತ್ತ ಬಂದಿತು. ಜಪಾನು ಅದೇ ದುಂಬಿಯನ್ನು ತರಿಸಿಕೊಂಡು, ಅದು ಹೊಕ್ಕೈಡೋ ದ್ವೀಪದ ಬಯಲುಗಳಲ್ಲಿ ನೆಲೆಸಿದ್ದನ್ನು ಕಂಡು, 2006ರಲ್ಲಿ ಆಕ್ರಮಣಕಾರಿ ಜೀವಿಯೆಂದು ಘೋಷಿಸಿತು. ಜೇನಿನ ವಿಷಯದಲ್ಲಿಯೂ ಇದಕ್ಕೆ ಭಿನ್ನವಾದ ಕಾರಣವಿಲ್ಲ. ರಾಣಿಯು ಪೆಟ್ಟಿಗೆಯ ಒಳಗೆ ಗರ್ಭ ಧರಿಸುವವಳಲ್ಲ. ಹೊರಗೆ ಹಾರಿ, ಆಕಾಶದಲ್ಲಿ, ಊರ ಗಂಡುನೊಣಗಳಲ್ಲಿ ಹಲವನ್ನು ಕೂಡಿ ಮರಳುತ್ತಾಳೆ. ದೂರದಿಂದ ತರಿಸಿದ ಕುಟುಂಬದ ಗಂಡುನೊಣಗಳು ಕಾಡಿನ ಪೊಟರೆಯ ತುಡುವೆಯ ವಂಶದಲ್ಲಿಯೂ ತಮ್ಮ ಗುರುತನ್ನು ಬಿಟ್ಟುಹೋಗುತ್ತವೆ. ಘಟ್ಟದ ಕಪ್ಪು ತುಡುವೆಗೂ ಬಯಲಿನ ಹಳದಿ ತುಡುವೆಗೂ ಸ್ವಭಾವದಲ್ಲಿ ಇರುವ ಅಂತರವನ್ನು ಜೇನು ಸಾಕುವವರು ಚೆನ್ನಾಗಿ ಬಲ್ಲರು. ಕೊಂಡವನು ಹಣಕೊಟ್ಟದ್ದು ತನ್ನ ಪೆಟ್ಟಿಗೆಗಾದರೂ, ಬದಲಾಗುವುದು ಯಾರ ಸ್ವತ್ತೂ ಅಲ್ಲದ ಕಾಡು.

ಹವ್ಯಾಸಿಯ ಕುತೂಹಲವೊಂದು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಇದಕ್ಕಿಂತಲೂ ಹಳೆಯ ನಿದರ್ಶನವು ನಮ್ಮ ತೋಟಗಳಲ್ಲಿಯೇ ಇದೆ. 1847ರಲ್ಲಿ ವಿಲಿಯಂ ಹೆನ್ರಿ ಬೆನ್ಸನ್ ಎಂಬ ಶಂಖಶಾಸ್ತ್ರಜ್ಞನು ಮಾರಿಷಸ್ಸಿನಿಂದ ಕಲ್ಕತ್ತೆಗೆ ಬರುವಾಗ ಆಫ್ರಿಕದ ದೈತ್ಯ ಬಸವನಹುಳುಗಳನ್ನು ತನ್ನೊಡನೆ ತಂದನು. ಚೌರಂಗಿಯ ತೋಟವೊಂದರಲ್ಲಿ ಅವು ಬಿಡುಗಡೆಗೊಂಡವು. ಆತನು ದುಷ್ಟನಲ್ಲ, ಜೀವಿಗಳ ಮೇಲೆ ಪ್ರೀತಿಯುಳ್ಳ ವಿದ್ವಾಂಸ. ಆದರೂ ಇಂದು ಮಳೆಗಾಲದ ರಾತ್ರಿಗಳಲ್ಲಿ ಅಡಿಕೆ, ಬಾಳೆ, ಕಾಫಿ, ತರಕಾರಿಯ ತೋಟಗಳಿಗೆ ದೀಪ ಹಿಡಿದು ಹೋಗಿ, ಬಕೆಟ್ಟುಗಟ್ಟಲೆ ಬಸವನಹುಳುಗಳನ್ನು ಆರಿಸಿ ಉಪ್ಪುನೀರಿಗೆ ಸುರಿಯುವ ರೈತನು ತೀರಿಸುತ್ತಿರುವುದು ಆತನ ಆ ಕುತೂಹಲದ ಸಾಲವನ್ನೇ. ಆಗ ಒಬ್ಬ ಬೆನ್ಸನ್. ಈಗ ಒಂದೊಂದು ನಗರದಲ್ಲಿಯೂ ಅಂತಹ ಸಾವಿರ ಕುತೂಹಲಿಗಳಿದ್ದಾರೆ, ಅವರೆಲ್ಲರ ಕೈಯಲ್ಲಿಯೂ ಫೋನು ಇದೆ.

ಈ ಪೇಟೆಯ ಆಳವು ಲೋಕಕ್ಕೆ ಸ್ಪಷ್ಟವಾಗಿ ಕಂಡದ್ದು 2025ರಲ್ಲಿ, ಕೀನ್ಯಾ ದೇಶದ ನ್ಯಾಯಾಲಯವೊಂದರಲ್ಲಿ. ಬೆಲ್ಜಿಯಮ್ಮಿನ ಇಬ್ಬರು ಹತ್ತೊಂಬತ್ತು ವರ್ಷದ ತರುಣರು ನೈವಾಶಾ ಎಂಬಲ್ಲಿ ಸುಮಾರು 5,000 ಇರುವೆಗಳೊಡನೆ ಸೆರೆಸಿಕ್ಕಿದರು. ಅವುಗಳಲ್ಲಿ ಬಹಳಷ್ಟು ಮೆಸ್ಸರ್ ಸೆಫಲೋಟಿಸ್ ಎಂಬ, ಕಾಳನ್ನು ಕೂಡಿಡುವ ಕೆಂಪು ಇರುವೆಯ ರಾಣಿಗಳು. ಹತ್ತಿಯನ್ನು ತುರುಕಿದ ಎರಡು ಸಾವಿರಕ್ಕೂ ಮೀರಿದ ಕೊಳವೆಗಳಲ್ಲಿ, ತಿಂಗಳುಗಟ್ಟಲೆ ಬದುಕಿ ಉಳಿಯುವಂತೆ, ಅವನ್ನು ಜೋಡಿಸಲಾಗಿದ್ದಿತು. ಯೂರೋಪಿನ ಹವ್ಯಾಸಿಗಳು ಗಾಜಿನ ಪೆಟ್ಟಿಗೆಗಳಲ್ಲಿ ಇರುವೆಯ ಊರನ್ನು ಕಟ್ಟಿ ನೋಡುವ ವಿನೋದಕ್ಕಾಗಿ ಅಂತಹ ಒಂದೊಂದು ರಾಣಿಗೂ ದೊಡ್ಡ ಬೆಲೆಯನ್ನು ತೆರುತ್ತಾರೆ. ಮೇ ತಿಂಗಳಲ್ಲಿ ನ್ಯಾಯಾಲಯವು ಪ್ರತಿಯೊಬ್ಬನಿಗೂ 10 ಲಕ್ಷ ಕೀನ್ಯಾ ಶಿಲಿಂಗ್ ದಂಡ, ತಪ್ಪಿದಲ್ಲಿ ಹನ್ನೆರಡು ತಿಂಗಳ ಸೆರೆಯೆಂದು ವಿಧಿಸಿತು. ಆನೆಯ ದಂತಕ್ಕಾಗಿಯೂ ಖಡ್ಗಮೃಗದ ಕೊಂಬಿಗಾಗಿಯೂ ಬಳಸುತ್ತಿದ್ದ ವನ್ಯಜೀವಿ ಕಾಯಿದೆಯನ್ನು ಇರುವೆಗಾಗಿಯೂ ಎತ್ತಿಹಿಡಿದ ಆ ದೇಶದ ಧೈರ್ಯವನ್ನು ನಾನು ಹೃತ್ಪೂರ್ವಕವಾಗಿ ಮೆಚ್ಚುತ್ತೇನೆ. ಒಂದು ರಾಣಿಯನ್ನು ಕಿತ್ತರೆ ಮುಂದೆ ಹುಟ್ಟಬೇಕಾಗಿದ್ದ ಒಂದು ಇಡೀ ಊರನ್ನೇ ಕಿತ್ತಂತೆ; ಬಿದ್ದ ಬೀಜಗಳನ್ನು ಹೊತ್ತು ಹರಡಿ ಹುಲ್ಲುಗಾವಲನ್ನು ಬೆಳೆಸುವ ಕೆಲಸಗಾರರ ಸಂತತಿಯೇ ಅಲ್ಲಿಗೆ ನಿಲ್ಲುತ್ತದೆ.

ಹಾದಿಯಲ್ಲಿ ಸಾಯುವವುಗಳ ಮಾತನ್ನೂ ಆಡದೆ ಮುಂದೆ ಹೋಗಲಾರೆ. ಜೇನುಕುಟುಂಬವು ತನ್ನ ಮರಿಗಳಿರುವ ಎಡೆಯನ್ನು ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಪಾಡಿಕೊಳ್ಳುತ್ತದೆ. ಬಾಗಿಲು ಮುಚ್ಚಿದ ಪೆಟ್ಟಿಗೆಯಲ್ಲಿ ಗಾಬರಿಗೊಂಡ ನೊಣಗಳ ಮೈಬಿಸಿಯೇ ಸಾಕು, ಬಿಸಿಲಿನಲ್ಲಿ ನಿಂತ ಲಾರಿಯೊಳಗೆ ಎರಿಯು ಕರಗಿ, ಜೇನು ಸೋರಿ, ಅಷ್ಟೂ ನೊಣಗಳು ತಮ್ಮ ಸ್ವಂತ ಸಂಪತ್ತಿನಲ್ಲಿಯೇ ಮುಳುಗಿ ಸಾಯುವುದಕ್ಕೆ. ಅಮೆರಿಕದ ಅಂಚೆ ಇಲಾಖೆಯು ವಿಮಾನದಲ್ಲಿ ಹೋಗುವ ರಾಣಿನೊಣದ ಜೊತೆಗೆ ಎಂಟು ಪರಿಚಾರಕ ನೊಣಗಳವರೆಗೆ ಇರಬಹುದೆಂದು ವಿಧಿಸಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾಂಕ್ ಬೆಂಟನ್ ಎಂಬಾತನು ರೂಪಿಸಿದ ಪುಟ್ಟ ಮರದ ಪಂಜರದಲ್ಲಿ ಒಂದು ಗುಳಿಯನ್ನು ಸಕ್ಕರೆಯ ಉಂಡೆಗೂ ಉಳಿದವನ್ನು ರಾಣಿಗೂ ಸಖಿಯರಿಗೂ ಮೀಸಲಿಟ್ಟಿದ್ದನು. ರಾಣಿಯು ಸಾಧಾರಣವಾಗಿ ತಾನೇ ಉಣ್ಣುವವಳಲ್ಲ, ಉಣಿಸುವವರು ಬೇಕು ಎಂಬ ತಿಳಿವಳಿಕೆಯು ಆ ಮರದ ತುಂಡಿನಲ್ಲಿಯೂ ಆ ಅಂಚೆಯ ವಿಧಿಯಲ್ಲಿಯೂ ಉಂಟು. ಆನ್‌ಲೈನ್ ಪೇಟೆಯಲ್ಲಿ ಅದಕ್ಕೆ ಬದಲಾಗಿ ನಾವು ಕಾಣುವುದು 'ಜೀವಂತವಾಗಿ ತಲುಪುವ ಭರವಸೆ' ಎಂಬ ವಾಕ್ಯವನ್ನು. ಸತ್ತು ತಲುಪಿದರೆ ಚಿತ್ರವನ್ನು ಕಳುಹಿಸಿ, ಹಣವನ್ನು ಹಿಂದಿರುಗಿಸುತ್ತೇವೆ ಎಂಬುದು ಅದರ ತಾತ್ಪರ್ಯ. ಸಾವು ಸಂಭವಿಸಿದೆ, ನಷ್ಟವಾದದ್ದು ಕೊಂಡವನಿಗೆ ಮಾತ್ರ ಎಂದು ಲೆಕ್ಕ. ಇದು ನನ್ನನ್ನು ಕಳವಳಗೊಳಿಸುತ್ತದೆ.

ನಮ್ಮ ಶಾಸನಗಳು ಈ ವಿಷಯದಲ್ಲಿ ಬರಿಗೈಯಲ್ಲಿವೆಯೆಂದು ಹೇಳಲಾಗದು. 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯು 'ಪ್ರಾಣಿ'ಯೆಂದರೆ ಮನುಷ್ಯನನ್ನುಳಿದು ಮಿಕ್ಕ ಯಾವುದೇ ಜೀವಿಯೆಂದು ಹೇಳುತ್ತದೆ. ಎಷ್ಟು ಉದಾರವಾದ ಮಾತು! ಆ ವ್ಯಾಖ್ಯೆಯ ವಿಸ್ತಾರದಲ್ಲಿ ನೊಣವೂ ಇರುವೆಯೂ ಆನೆಯೊಡನೆ ಸಮಾನವಾಗಿ ನಿಂತಿವೆ. ಆದರೆ ಅದರಡಿಯಲ್ಲಿ ರಚಿತವಾದ 1978ರ ಪ್ರಾಣಿ ಸಾಗಣೆಯ ನಿಯಮಗಳು ನಾಯಿ, ಬೆಕ್ಕು, ಕೋತಿ, ದನ, ಕುದುರೆ, ಕುರಿ, ಮೇಕೆಗಳನ್ನು ಕುರಿತು ಅಧ್ಯಾಯಗಳನ್ನು ಬರೆದವೇ ಹೊರತು ಜೇನಿನ ಪೆಟ್ಟಿಗೆಯವರೆಗೆ ಬರಲಿಲ್ಲ. ಇನ್ನೊಂದು ಕಡೆಯಲ್ಲಿ, 2020ರ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳು ಮಾರುವವನ ಹೆಸರು ವಿಳಾಸಗಳನ್ನೂ ಸರಕು ತಯಾರಾದ ದೇಶವನ್ನೂ ಕೊಳ್ಳುವವನಿಗೆ ತಿಳಿಸಬೇಕೆಂದು ಕೇಳುತ್ತವೆ. ಬಿಸ್ಕತ್ತಿನ ಪೊಟ್ಟಣದ ಹುಟ್ಟೂರನ್ನು ತಿಳಿಯುವ ಹಕ್ಕು ನನಗುಂಟು. ಜೇನುಕುಟುಂಬವು ಯಾವ ಜಿಲ್ಲೆಯ ಯಾವ ತೋಟದಿಂದ, ಯಾವ ತಳಿಯಿಂದ ಬಂದಿತು, ಕೊನೆಯ ಬಾರಿ ಯಾರು ಅದರ ಎರಿಗಳನ್ನು ಪರೀಕ್ಷಿಸಿದರು ಎಂಬುದನ್ನು ತಿಳಿಯುವ ಹಕ್ಕು, ಅದರಿಂದ ಬಾಧಿತನಾಗಬಹುದಾದ ನೆರೆಯವನಿಗೂ ಸಲ್ಲಬೇಕಲ್ಲವೇ? 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 79ನೆಯ ಕಲಮಿನ ಆಶ್ರಯದಲ್ಲಿ ಪೇಟೆಯನ್ನು ನಡೆಸುವವರು, ತಾವು ಬರಿಯ ಮಧ್ಯವರ್ತಿಗಳು, ಮಾರುವವರು ಬೇರೆ, ಎಂದು ಹೇಳಿಕೊಳ್ಳಬಹುದು. ಪ್ರತಿಯೊಂದು ಮಾರಾಟದಿಂದ ಕಮಿಷನ್ನು ಪಡೆಯುವವನು ಪ್ರತಿಯೊಂದು ಮಾರಾಟದ ಹೊಣೆಯಲ್ಲಿಯೂ ಪಾಲುಗಾರನೆಂಬುದು ನಮ್ಮ ಹಳ್ಳಿಯ ದಲ್ಲಾಳಿಗೂ ತಿಳಿದ ನ್ಯಾಯ.

ಹಾಗಾದರೆ ಫೇಸ್‌ಬುಕ್ಕಿನಂತೆ ಎಲ್ಲವನ್ನೂ ನಿಷೇಧಿಸಿಬಿಡುವುದು ಮೇಲಲ್ಲವೇ ಎಂಬ ಪ್ರಶ್ನೆಯನ್ನು ನಾನು ಲಘುವಾಗಿ ಎಣಿಸುವುದಿಲ್ಲ. ಆನೆದಂತದ ವಿಷಯದಲ್ಲಿ ಈಬೇಯು 2009ರಿಂದ ಹಾಗೆಯೇ ಮಾಡಿತು. ದಂತಕ್ಕೆ ಅದೇ ಸರಿ, ಏಕೆಂದರೆ ದಂತದ ಯಾವ ಮಾರಾಟದಿಂದಲೂ ಆನೆಗೆ ಹಿತವಿಲ್ಲ. ಜೇನಿನ ಸ್ಥಿತಿ ಬೇರೆ. ಪಾಲು ಮಾಡಿದ ಕುಟುಂಬಕ್ಕೆ ಹೊಸ ಯಜಮಾನ ಬೇಕು. ರೋಗದಿಂದ ಪೆಟ್ಟಿಗೆ ಬರಿದಾದವನಿಗೆ ಹೊಸ ಕುಟುಂಬ ಬೇಕು. ಮುಜಂಟಿ ಜೇನನ್ನು ಬಿದಿರಿನ ಕೊಳವೆಯಲ್ಲಿಯೋ ಮರದ ಪೆಟ್ಟಿಗೆಯಲ್ಲಿಯೋ ಸಾಕಿ ನಾಲ್ಕು ಕಾಸು ಸಂಪಾದಿಸುವ ಕರಾವಳಿಯ ಗೃಹಿಣಿಗೆ ಫೋನಿನ ಪರದೆಯೇ ಸಂತೆ. ಆಕೆಯ ಮುಂದೆ ಬಾಗಿಲನ್ನು ಹಾಕಿದರೆ ವ್ಯವಹಾರವು ನಿಲ್ಲುವುದಿಲ್ಲ. ಹೆಸರಿಲ್ಲದ ಗುಂಪುಗಳಿಗೆ ಸರಿದು, ಇನ್ನಷ್ಟು ಅಗೋಚರವಾಗುತ್ತದೆ. ಪರದೆಯ ಮೇಲೆ ಒಬ್ಬರನ್ನೊಬ್ಬರು ಕಾಣಲಿ, ಬೆಲೆಯನ್ನು ಮಾತಾಡಲಿ. ಕುಟುಂಬವನ್ನು ಮಾತ್ರ ಕೊಂಡವನೇ ಹೋಗಿ, ಎರಿಯನ್ನು ಎತ್ತಿ ನೋಡಿ, ತಾನೇ ತರತಕ್ಕದ್ದು. ಕೊರಿಯರಿಗೆ ಒಪ್ಪಿಸುವ ಗುಂಡಿಯೇ ಅಲ್ಲಿ ಇರಕೂಡದು. ತುಡುವೆಯ ಮಾರಾಟವು ಒಂದೇ ಪ್ರದೇಶದ ಜಿಲ್ಲೆಗಳೊಳಗೆ ಮಾತ್ರ ಪರಸ್ಪರ ಕಾಣಿಸತಕ್ಕದ್ದು. ವಿದೇಶದ ಇರುವೆ, ದುಂಬಿ, ಬಸವನಹುಳುಗಳಿಗೆ ಪ್ರವೇಶವೇ ಇರತಕ್ಕದ್ದಲ್ಲ.

ಇದನ್ನು ಪರೀಕ್ಷಿಸುವವರು ಯಾರು ಎಂಬ ಆಕ್ಷೇಪಕ್ಕೆ ಉತ್ತರವು ಅರ್ಧ ಸಿದ್ಧವಾಗಿಯೇ ಇದೆ. ರಾಷ್ಟ್ರೀಯ ಜೇನು ಮಂಡಳಿಯು 2021ರಲ್ಲಿ ಮಧುಕ್ರಾಂತಿ ಎಂಬ ನೋಂದಣಿಯ ವ್ಯವಸ್ಥೆಯನ್ನು ಆರಂಭಿಸಿದೆ. ಜೇನು ಸಾಕುವವರು ಅದರಲ್ಲಿ ತಮ್ಮ ಹೆಸರನ್ನೂ ಕುಟುಂಬಗಳ ವಿವರವನ್ನೂ ದಾಖಲಿಸಬಹುದು. ನಮ್ಮ ರಾಜ್ಯದ ತೋಟಗಾರಿಕೆ ಇಲಾಖೆಯಲ್ಲಿ ಜೇನುಕೃಷಿಯನ್ನು ಬಲ್ಲ ಸಿಬ್ಬಂದಿಯಿದ್ದಾರೆ; ಭಾಗಮಂಡಲದಂತಹ ಕಡೆಗಳಲ್ಲಿ ಜೇನು ಸಾಕಣೆಯ ತರಬೇತಿಯೂ ನಡೆದುಬಂದಿದೆ. ಮಾರಾಟದ ಪುಟದಲ್ಲಿ ಬೆಲೆಯ ಅಂಕಣದ ಪಕ್ಕದಲ್ಲಿಯೇ ಆ ನೋಂದಣಿ ಸಂಖ್ಯೆಗೂ, ತಾಲ್ಲೂಕಿನ ಹೆಸರಿಗೂ, ಎರಿಗಳನ್ನು ಕೊನೆಯದಾಗಿ ನೋಡಿದ ದಿನಾಂಕಕ್ಕೂ ಮೂರು ಖಾಲಿ ಜಾಗಗಳನ್ನು ಬಿಟ್ಟು, ಅವು ತುಂಬದ ಹೊರತು ಪುಟವು ಪ್ರಕಟವಾಗದಂತೆ ಮಾಡುವುದು ಪೇಟೆಯವರಿಗೆ ಒಂದು ಮಧ್ಯಾಹ್ನದ ಕೆಲಸ. ಚೈತ್ರದಲ್ಲಿ ಹೂವು ಏರಿ ಕುಟುಂಬಗಳು ಪಾಲಿಗೆ ಬರುವ ಕಾಲಕ್ಕೆ, ಕೊಳ್ಳುವವನು ಆ ಮೂರು ಸಾಲುಗಳನ್ನು ಓದಿಕೊಂಡು, ಸಂಜೆಯ ಹೊತ್ತಿಗೆ ಮಾರುವವನ ಅಂಗಳವನ್ನು ತಲುಪಿ, ನೊಣಗಳು ಮರಳುವವರೆಗೆ ಜಗಲಿಯ ಮೇಲೆ ಕಾದು ಕೂಡಲಿ.